ಗಾಜಿನ ಪೆಟ್ಟಿಗೆಯೊಳಗಿನ ಬೆಳ್ಳಿ ಪದಕ ಕಪ್ಪಾಗಿದೆ, ಹೆದ್ದಾರಿಯ ಧೂಳು ಕಾರಣವಾ?

ಕುಂಬಳೆ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಕನ್ನಡ ಮೀಡಿಯಂ ಶಾಲೆಯಲ್ಲಿ 31 ವರ್ಷ ಸಮಾಜ ಪಾಠ ಮಾಡಿ ನಿವೃತ್ತನಾದವನು ನಾನು. ರಸಾಯನಶಾಸ್ತ್ರ ಹತ್ತನೇ ಕ್ಲಾಸಿನಲ್ಲೂ ತಲೆಗೆ ಹತ್ತಲಿಲ್ಲ, ಈಗಲೂ ಅಷ್ಟೆ. ಉತ್ತರ ಕೊಡುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಕುಂಬಳೆಯಿಂದ ಸ್ವಲ್ಪ ದೂರದಲ್ಲಿ, ಹೆದ್ದಾರಿ 66ರ ಬದಿಯಲ್ಲೇ ನಮ್ಮ ವಾಚನಾಲಯ. ಅದರ ಉಪ್ಪರಿಗೆಯ ಒಂದು ಕೋಣೆಯಲ್ಲಿ ಊರಿನ ಹಳೆಯ ಸಾಮಾನುಗಳನ್ನು ಸೇರಿಸಿ ಇಟ್ಟಿದ್ದೇವೆ. ಮ್ಯೂಸಿಯಂ ಎಂದು ಬೋರ್ಡು ಹಾಕಿದ್ದಾಗಿದೆ, ಬಾಯಲ್ಲಿ ಹೇಳಲು ಮಾತ್ರ ಸಂಕೋಚ. ತಾಳೆಗರಿಯ 14 ಕಟ್ಟು ಇದೆ. ತೆಂಕುತಿಟ್ಟು ಯಕ್ಷಗಾನದ ಒಂದು ಕಿರೀಟ, ಒಂದು ಜತೆ ಭುಜಕೀರ್ತಿ, ಎದೆಕಟ್ಟು. ಒಂದು ತೂಗುದೀಪ. ಸೇರು, ಪಾವು, ಕುಡ್ತೆ. ಶಾಲೆಯ ಮಕ್ಕಳು ಕಡಲ ಕರೆಯಿಂದ ಹೆಕ್ಕಿ ತಂದ ಚಿಪ್ಪುಗಳು. ಮತ್ತೆ ಒಂದು ಬೆಳ್ಳಿ ಪದಕ. ನಮ್ಮೂರಿನ ಭಾಗವತರೊಬ್ಬರಿಗೆ ಯಾವುದೋ ಕಾಲದಲ್ಲಿ ಕೊಟ್ಟದ್ದು. ಅವರ ಮನೆಯವರು "ನಮ್ಮಲ್ಲಿ ಇದ್ದರೆ ಯಾರೂ ನೋಡುವುದಿಲ್ಲ, ನಿಮ್ಮಲ್ಲಿ ಇರಲಿ" ಎಂದು ತಂದುಕೊಟ್ಟರು. ಪದಕದ ತೊಂದರೆ ಹೇಳಲೆಂದೇ ಇಷ್ಟೆಲ್ಲ ಬರೆದೆ.

ಮೊದಲು ಎಲ್ಲವೂ ತೆರೆದ ಮೇಜಿನ ಮೇಲೆ ಇತ್ತು. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ಶುರುವಾದ ಮೇಲೆ ಧೂಳು ಅಂದರೆ ಧೂಳು. ಮುರಕಲ್ಲಿನ ಕೆಂಪು ಹುಡಿ. ಬೆಳಿಗ್ಗೆ ಗುಡಿಸಿದ ನೆಲದಲ್ಲಿ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಹಾಗೆ ಹಳೆ ವಿದ್ಯಾರ್ಥಿಗಳ ಹತ್ತಿರ ಹಣ ಎತ್ತಿ, ಒಂದು ಅಂಗಡಿಗೆ ಹೇಳಿ ಗಾಜಿನ ಪೆಟ್ಟಿಗೆ ಮಾಡಿಸಿದೆವು. ಪ್ಲೈವುಡ್ಡಿನ ತಳ, ಅದರ ಮೇಲೆ ಕೆಂಪು ಬಟ್ಟೆ, ಗಾಜಿನ ಸುತ್ತ ರಬ್ಬರ್ ಬೀಡಿಂಗ್. ಒಂದು ಇರುವೆ ಒಳಗೆ ಹೋಗದಷ್ಟು ಬಿಗಿ. ಕಳೆದ ನವರಾತ್ರಿಗೆ ಉದ್ಘಾಟನೆಯೂ ಆಯಿತು.

ಈಗ ಫೆಬ್ರವರಿ. ಪದಕ ಕಾವಲಿಯ ತಳದ ಹಾಗೆ ಕಪ್ಪಾಗಿದೆ. ಭಾಗವತರ ಮನೆಯವರು ಮೊನ್ನೆ ಬಂದು ನೋಡಿ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಜಾಸ್ತಿ ಬೇಸರವಾಯಿತು.

ಇಷ್ಟು ಬಿಗಿ ಇದ್ದರೂ ಧೂಳು ಒಳಗೆ ಹೋಗುತ್ತದಾ? ಅಥವಾ ಲಾರಿಗಳ ಹೊಗೆಯಾ? ತಿಕ್ಕಿ ಬೆಳ್ಳಗೆ ಮಾಡಬಹುದಾ?

ಇನ್ನೊಂದು ಮಾತು, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಒಂದು ಬೆಳ್ಳಿಯ ಸೊಂಟಪಟ್ಟಿ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ ಎಂದು ಹೊರಗೆ ಮೊಳೆಗೆ ನೇತುಹಾಕಿದ್ದೆವು. ಅದರ ಮೇಲೆ ಧೂಳು ಇದೆ, ಆದರೆ ಒರೆಸಿದರೆ ಒಳಗೆ ಇನ್ನೂ ಬೆಳ್ಳಿಯೇ.

ಬದಿಯಡ್ಕದ ತೋಟದವ

ಮಾಷ್ಟ್ರೇ, ಇದರಲ್ಲಿ ಕೇಳುವುದು ಎಂತ ಉಂಟು? ಧೂಳೇ. ನಮ್ಮಲ್ಲಿ ರಸ್ತೆ ಬದಿಯ ಅಡಿಕೆ ಮರದ ಸೋಗೆಯೇ ಕೆಂಪಾಗಿದೆ, ನಿಮ್ಮ ಪದಕ ಯಾವ ಲೆಕ್ಕ?

ಹುಣಸೆಹುಳಿ ಮತ್ತು ಬೂದಿ ಹಾಕಿ ತಿಕ್ಕಿ. ಇಲ್ಲದಿದ್ದರೆ ಟೂತ್‌ಪೇಸ್ಟ್. ಐದು ನಿಮಿಷದ ಕೆಲಸ.

ಮತ್ತೆ ತಾಳೆಗರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಯಾಕೆ ಎಂದು ನನಗೆ ಅರ್ಥ ಆಗುವುದಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇತ್ತು. ಮೂರು ತಲೆಮಾರು ಹೊಗೆ ಕುಡಿದಿದೆ. ಒಂದು ಹುಳ ಮುಟ್ಟಲಿಲ್ಲ. ಈಗಿನವರು ಹೊಗೆ ಎಂದರೆ ವಿಷ ಎನ್ನುತ್ತಾರೆ. ಹೊಗೆ ಇಲ್ಲದಿದ್ದರೆ ಆ ಗ್ರಂಥ ಎಲ್ಲಿ ಉಳಿಯುತ್ತಿತ್ತು?

ಮುಳ್ಳೇರಿಯದವಳು, ಈಗ ಮೈಸೂರು

ಮಾಷ್ಟ್ರೇ, ದಯವಿಟ್ಟು ತಿಕ್ಕಬೇಡಿ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ತೋಟದ ಅಣ್ಣ ಬೇಸರ ಮಾಡಬಾರದು, ಅಟ್ಟದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ನಿಮ್ಮ ಮಾತು ಅರ್ಧ ಸರಿ ಇದೆ.

ನನ್ನ ಕೆಲಸವೇ ಇದು. ಹಳೆಯ ಕಾಗದ, ಗರಿ, ಲೋಹ ಹಾಳಾಗದ ಹಾಗೆ ನೋಡಿಕೊಳ್ಳುವುದು. ಊರಿನ ಪ್ರಶ್ನೆ ಎಂದು ಕಂಡಾಗ ಸುಮ್ನೆ ಕೂರಲು ಆಗಲಿಲ್ಲ.

ನೀವು ಕೊನೆಗೆ "ಸಂಬಂಧ ಇದೆಯೋ ಇಲ್ಲವೋ" ಎಂದು ಬರೆದಿರಲ್ಲ, ಉತ್ತರ ಅದರಲ್ಲೇ ಇದೆ. ಹೊರಗಿನ ಬೆಳ್ಳಿ ಚೆನ್ನಾಗಿದೆ, ಒಳಗಿನದ್ದು ಕಪ್ಪು. ಹಾಗಾದರೆ ಕೇಡು ಹೊರಗಿಂದ ಬಂದದ್ದಲ್ಲ. ಪೆಟ್ಟಿಗೆಯಿಂದಲೇ ಬಂದದ್ದು.

ಬೆಳ್ಳಿಯನ್ನು ಕಪ್ಪು ಮಾಡುವುದು ಧೂಳಲ್ಲ, ಗಂಧಕ. ಅದರಲ್ಲೂ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆ ಕೊಳೆ ಹಾಕಿದಲ್ಲಿ ಬರುವ ವಾಸನೆಯೂ ಅದೇ. ನೂರು ಕೋಟಿ ಪಾಲು ಗಾಳಿಯಲ್ಲಿ ಅದು ಒಂದೆರಡು ಪಾಲು ಇದ್ದರೆ ಸಾಕು, ನಿಧಾನಕ್ಕೆ ಬೆಳ್ಳಿಯ ಮೇಲ್ಪದರ ಸಿಲ್ವರ್ ಸಲ್ಫೈಡ್ ಆಗುತ್ತದೆ. ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ.

ಲಾರಿ ಹೊಗೆಯನ್ನು ಬೈಯುವವರಿಗೂ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಮೊದಲು 50 ಇತ್ತು. ಮೇಲಾಗಿ ಡೀಸೆಲ್ ಉರಿದಾಗ ಬರುವುದು ಸಲ್ಫರ್ ಡೈಆಕ್ಸೈಡ್. ಅದರ ಕೋಪ ಹೆಚ್ಚಾಗಿ ಕಾಗದ, ಚರ್ಮ, ಸುಣ್ಣದ ಕಲ್ಲಿನ ಮೇಲೆ. ಬೆಳ್ಳಿಯ ಮೇಲೆ ಅಷ್ಟಿಲ್ಲ.

ನಿಮ್ಮ ಪೆಟ್ಟಿಗೆಯಲ್ಲಿ ನನಗೆ ಎರಡರ ಮೇಲೆ ಅನುಮಾನ. ಒಂದು ರಬ್ಬರ್ ಬೀಡಿಂಗ್. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಹಾಕಿ ಬೇಯಿಸಿ. ಅದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಇರುತ್ತದೆ. ಎರಡನೆಯದು ಕೆಂಪು ಬಟ್ಟೆ. ಅದು ಉಣ್ಣೆಯದ್ದಾ? ಒಂದು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಉಣ್ಣೆಯಲ್ಲೂ ಗಂಧಕ ಇದೆ. ಪದಕವನ್ನು ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಲ್ಲ ತಾನೇ?

ಮೊದಲು ಎಲ್ಲ ತೆರೆದಿದ್ದಾಗ ಗಾಳಿ ಆಡುತ್ತಿತ್ತು, ಹುಟ್ಟಿದ ಅನಿಲ ಕಿಟಕಿಯಿಂದ ಹೋಗುತ್ತಿತ್ತು. ಈಗ ಇರುವೆ ಹೋಗದಷ್ಟು ಬಿಗಿ ಮಾಡಿದ್ದೀರಿ. ಒಳಗೆ ಹುಟ್ಟಿದ್ದು ಒಳಗೇ ಕೂತಿದೆ. ದೊಡ್ಡ ಮ್ಯೂಸಿಯಂಗಳೂ ಈ ಪಾಠ ಕಲಿತದ್ದು ಪೆಟ್ಟು ತಿಂದೇ. 1840ರ ದಶಕದಲ್ಲಿ ಲಂಡನ್ನಿನ ಅಥೀನಿಯಂ ಕ್ಲಬ್ಬಿನ ಲೈಬ್ರರಿಯಲ್ಲಿ ಪುಸ್ತಕಗಳ ಚರ್ಮದ ರಟ್ಟು ಹಾಳಾಗುತ್ತಿದೆ ಎಂದು ಮೈಕೆಲ್ ಫ್ಯಾರಡೆಯನ್ನು ಕರೆಸಿದರು. ವಿದ್ಯುತ್ತಿನ ಫ್ಯಾರಡೆಯೇ. ಲಂಡನ್ನಿನ ಬೀದಿಯಲ್ಲಿ ಆಗ ಕಲ್ಲಿದ್ದಲಿನ ಹೊಗೆ ಏನು ಕಡಿಮೆ ಇರಲಿಲ್ಲ. ಆದರೆ ಅವರು ಬೆರಳು ತೋರಿಸಿದ್ದು ಕೋಣೆಯೊಳಗೇ ಉರಿಯುತ್ತಿದ್ದ ಗ್ಯಾಸ್ ದೀಪಗಳ ಕಡೆಗೆ. ದೀಪದ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಹಾಗೆ ಮಾಡಿಕೊಟ್ಟರು.

ಒಂದು ಕೆಲಸ ಮಾಡಿ. ಮಕ್ಕಳ ಚಿಪ್ಪುಗಳನ್ನು ನೋಡಿ ಬನ್ನಿ. ಅವೂ ಆ ಪೆಟ್ಟಿಗೆಯಲ್ಲೇ ಇದ್ದರೆ, ಮೇಲೆ ಬಿಳಿ ಹುಡಿ ಬಂದಿದೆಯಾ? ಬಾಗಿಲು ತೆರೆದ ಕೂಡಲೇ ಹುಳಿ ವಾಸನೆ ಬರುತ್ತದಾ?

ಕುಂಬಳೆ ಮಾಷ್ಟ್ರು

ಈಗಷ್ಟೇ ಉಪ್ಪರಿಗೆ ಹತ್ತಿ ಇಳಿದು ಬಂದೆ, ಏದುಸಿರು ಬರುತ್ತಿದೆ.

ಚಿಪ್ಪಿನ ಮೇಲೆ ಬಿಳಿ ಹುಡಿ ಇದೆ! ಉಪ್ಪು ಹಾಕಿ ಒಣಗಿಸಿದ ಮಾವಿನಕಾಯಿಯ ಮೇಲೆ ಇರುತ್ತದಲ್ಲ, ಹಾಗೆ. ನಾನು ಕಡಲಿನ ಉಪ್ಪು ಎಂದುಕೊಂಡಿದ್ದೆ. ಬಾಗಿಲು ತೆರೆದಾಗ ವಿನಿಗರ್ ವಾಸನೆ ಹೌದು. ಹೊಸ ಪೆಟ್ಟಿಗೆಯ ವಾಸನೆ ಎಂದು ಬಿಟ್ಟಿದ್ದೆ.

ಬಟ್ಟೆಯ ಎಳೆ ಸುಟ್ಟೆ. ಕ್ಷೌರದಂಗಡಿಯ ವಾಸನೆ. ಮತ್ತೆ ರಬ್ಬರ್ ಬ್ಯಾಂಡ್ ಇದೆ ಮಾರಾಯ್ರೆ. ಪದಕದ ಹಿಂದೆ ಅಡ್ಡಕ್ಕೆ ಒಂದು ಗೆರೆ, ಅದು ಉಳಿದ ಭಾಗಕ್ಕಿಂತ ಕಪ್ಪು. ಕಟ್ಟಿದ್ದು ನಾನೇ. ಪದಕ ಜಾರಿ ಬೀಳಬಾರದು ಎಂದು ಜೋಪಾನ ಮಾಡಿದ್ದು.

ಉಪ್ಪಳದ ಆಚಾರಿ

ಆ ಪೆಟ್ಟಿಗೆ ಮಾಡಿದ್ದು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ.

ವಿನಿಗರ್ ವಾಸನೆ ಎಲ್ಲಿಂದ ಎಂದು ನಾನು ಹೇಳುತ್ತೇನೆ. ಗಾಜು ಕೂರಿಸುವಾಗ ಟ್ಯೂಬಿನಿಂದ ಸಿಲಿಕಾನ್ ಹಾಕುತ್ತೇವೆ. ಅದರಲ್ಲಿ ಎರಡು ಜಾತಿ. ಒಂದು ಒಣಗುವಾಗ ಹುಳಿ ವಾಸನೆ ಬಿಡುತ್ತದೆ. ಇನ್ನೊಂದಕ್ಕೆ ನ್ಯೂಟ್ರಲ್ ಎನ್ನುತ್ತಾರೆ, ಅದಕ್ಕೆ ಆ ವಾಸನೆ ಇಲ್ಲ. ಹುಳಿಯದ್ದು ಅಗ್ಗ, ಗಾಜಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಗಿರಾಕಿ ಕೇಳದಿದ್ದರೆ ಎಲ್ಲರೂ ಅದನ್ನೇ ಹಾಕುವುದು. ನಾನೂ ಹಾಕುತ್ತೇನೆ, ಸುಳ್ಳು ಯಾಕೆ ಹೇಳಬೇಕು? ಅಡುಗೆಮನೆ ಕಪಾಟಿಗೆ ಅದರಿಂದ ಏನೂ ಆಗುವುದಿಲ್ಲ.

ಮತ್ತೆ ಪ್ಲೈವುಡ್. ಕಮರ್ಷಿಯಲ್ ಎಂದು ಕೊಡುವುದರ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಹೊಸ ಹಲಗೆ ಗರಗಸದಲ್ಲಿ ಕೊಯ್ಯುವಾಗ ಕಣ್ಣು ಉರಿಯುವುದು ಅದಕ್ಕೇ. ನೀರಿಗೆ ತಡೆಯುವ ಬಿಡಬ್ಲ್ಯೂಪಿ ಪ್ಲೈಯಲ್ಲಿ ಬೇರೆ ಅಂಟು, ಉರಿ ಕಡಿಮೆ, ರೇಟು ಜಾಸ್ತಿ.

ಆದರೆ ಮೇಡಂ, ನನಗೊಂದು ಅನುಮಾನ. ನಮ್ಮ ಮನೆಯಲ್ಲಿ ಅಜ್ಜ ಮಾಡಿದ ಹಲಸಿನ ಮರದ ಪೆಟ್ಟಿಗೆ ಇದೆ. ಅದರೊಳಗಿನ ಬೆಳ್ಳಿ ಸೌಟು, ಲೋಟಕ್ಕೆ ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ. ಅದೂ ಮರವೇ ಅಲ್ವಾ?

ಮುಳ್ಳೇರಿಯದವಳು, ಈಗ ಮೈಸೂರು

ಆಚಾರಿಯವರೇ, ಸಿಲಿಕಾನ್ ವಿಷಯ ನಾನು ಬರೆಯಬೇಕು ಎಂದಿದ್ದೆ, ನೀವೇ ಚಂದ ಹೇಳಿದಿರಿ.

ಮರ ಬಿಡುವುದು ಹುಳಿ ಆವಿ, ಮುಖ್ಯವಾಗಿ ಅಸಿಟಿಕ್ ಆಮ್ಲ. ಅದಕ್ಕೆ ಬೆಳ್ಳಿ ಹೆದರುವುದಿಲ್ಲ. ಹೆದರುವುದು ಸೀಸ ಮತ್ತು ಚಿಪ್ಪು. ಅಜ್ಜನ ಪೆಟ್ಟಿಗೆಯಲ್ಲಿ ಸೀಸದ ಗುಂಡು ಇಟ್ಟಿದ್ದರೆ ಕಥೆ ಬೇರೆ ಇರುತ್ತಿತ್ತೋ ಏನೋ. ಮತ್ತೆ ಹಳೆಯ ಮರ ಬಿಡಬೇಕಾದ್ದನ್ನು ಬಹಳಷ್ಟು ಬಿಟ್ಟಾಗಿರುತ್ತದೆ. ಸಂದಿನಲ್ಲಿ ಗಾಳಿಯೂ ಆಡುತ್ತದೆ. ನಿಮ್ಮ ಅಜ್ಜ ರಬ್ಬರ್ ಬೀಡಿಂಗ್ ಹಾಕಿರಲಿಲ್ಲ, ಅಷ್ಟೆ.

ಮಾಷ್ಟ್ರೇ, ಚಿಪ್ಪಿನ ಬಿಳಿ ಹುಡಿಗೆ ಒಂದು ಹೆಸರೇ ಇದೆ, ಬೈನ್ ರೋಗ. 1899ರಲ್ಲಿ ಇಂಗ್ಲೆಂಡಿನ ಬೈನ್ ಎಂಬವರು ಇದರ ಬಗ್ಗೆ ಬರೆದರು. ಸೂಕ್ಷ್ಮಜೀವಿಗಳ ಕಾಟ ಎಂದು ಅವರು ತಿಳಿದಿದ್ದರು. ಅದು ರೋಗವೇ ಅಲ್ಲ. ಚಿಪ್ಪು ಎಂದರೆ ಸುಣ್ಣ. ಮರದ ಕಪಾಟಿನ ಹುಳಿ ಆವಿ ತಾಗಿ ಸುಣ್ಣ ಕರಗಿ ಉಪ್ಪಾಗಿ ಮೇಲೆ ಬರುತ್ತದೆ. ಹುಡಿ ಒರೆಸಿ ಮತ್ತೆ ಅಲ್ಲೇ ಇಟ್ಟರೆ ಮತ್ತೆ ಬರುತ್ತದೆ. ಕೊನೆಗೆ ಚಿಪ್ಪಿನ ಗೀರು, ಬಣ್ಣ ಎಲ್ಲ ಹೋಗಿ ಬರೀ ಹರಳು ಉಳಿಯುತ್ತದೆ.

ಈಗ ಅಟ್ಟದ ವಿಷಯ. ಒಲೆಯ ಮೇಲೆ ಇಟ್ಟ ಗರಿ ಉಳಿದದ್ದು ನಿಜ. ನಮ್ಮ ಆಟಿಯ ಮಳೆಯಲ್ಲಿ ಗರಿಗೆ ಮೊದಲ ಶತ್ರು ತೇವ, ಅದರ ಹಿಂದೆಯೇ ಬೂಷ್ಟು, ಹುಳ. ಒಲೆಯ ಬಿಸಿ ತೇವ ತೆಗೆಯುತ್ತಿತ್ತು, ಹೊಗೆ ಹುಳ ಓಡಿಸುತ್ತಿತ್ತು. ಬೇರೆ ದಾರಿ ಇಲ್ಲದಾಗ ಅದು ಒಳ್ಳೆಯ ದಾರಿಯೇ. ಆದರೆ ಹೊಗೆಯಲ್ಲಿ ಹುಳಿಯೂ ಇದೆ, ಮಸಿಯೂ ಇದೆ. ಅಟ್ಟದಿಂದ ಇಳಿಸಿದ ಗರಿ ಕಪ್ಪಾಗಿ, ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ತೋಟದ ಅಣ್ಣನ ಅಜ್ಜನ ಮನೆಯ ಗ್ರಂಥ ಈಗ ಬಿಡಿಸಲು ಬರುತ್ತದಾ? ಸುಮ್ನೆ ಕೇಳುತ್ತಿದ್ದೇನೆ.

ಮುರಕಲ್ಲಿನ ಧೂಳನ್ನು ನಾನು ಬಿಟ್ಟುಕೊಟ್ಟೆ ಎಂದು ತಿಳಿಯಬೇಡಿ. ಬೆಳ್ಳಿಗಲ್ಲ, ಗರಿಗೆ ಅದು ಕಷ್ಟ. ಅದರಲ್ಲಿ ಕಬ್ಬಿಣದ ತುಕ್ಕು ಇದೆ, ಅದಕ್ಕೇ ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಕೆಸರಾಗಿ ಕಂಟದಲ್ಲಿ, ಅಂದರೆ ಗರಿ ಬರೆಯುವ ಮೊನಚು ಕಡ್ಡಿಯಲ್ಲಿ, ಗೀಚಿದ ಅಕ್ಷರದ ಒಳಗೆ ಇಳಿಯುತ್ತದೆ, ತುಂಬಿದ ಕಾಡಿಗೆಯೂ ಎದ್ದು ಬರುತ್ತದೆ. ಒಣ ಬ್ರಷ್ ಮಾತ್ರ. ಮೆತ್ತಗಿನದ್ದು, ಗರಿಯ ಉದ್ದಕ್ಕೆ. ಧೂಳು ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಡಲು ಹತ್ತಿರ ಇರುವುದರಿಂದ ಉಪ್ಪೂ ಸೇರಿರುತ್ತದೆ.

ಉಪ್ಪು ಎಂದಾಗ ನೆನಪಾಯಿತು, ತೂಗುದೀಪವನ್ನೂ ನೋಡಿ. ತಿಳಿ ಹಸಿರು ಚುಕ್ಕೆಗಳು, ಮುಟ್ಟಿದರೆ ಹುಡಿಯಾಗಿ ಉದುರುವಂಥದ್ದು ಇದ್ದರೆ ಹೇಳಿ. ಗಟ್ಟಿಯಾಗಿ ಅಂಟಿದ ಕಡು ಹಸಿರಾದರೆ ಅಷ್ಟು ಗಾಬರಿ ಬೇಡ. ಹುಡಿಯಾದರೆ ಉಪ್ಪಿನ ಕ್ಲೋರೈಡ್ ಒಳಗೆ ಕೂತು ಲೋಹ ತಿನ್ನುತ್ತಿದೆ ಎಂದರ್ಥ. ಮನೆಯಲ್ಲಿ ಕೈ ಹಾಕಬೇಡಿ. ಮದ್ರಾಸಿನ ಎಗ್ಮೋರ್ ಮ್ಯೂಸಿಯಂನಲ್ಲಿ ಕಂಚಿನ ಮೂರ್ತಿಗಳಿಗೆ ಈ ಕಾಯಿಲೆ ಎಂದೇ 1930ರಲ್ಲಿ ಪ್ರಯೋಗಾಲಯ ತೆರೆದರು, ಪರಮಶಿವನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಕಟ್ಟಿ ಬೆಳೆಸಿದರು.

ಪದಕವನ್ನು ಇವತ್ತೇ ಹೊರಗೆ ತೆಗೆಯಿರಿ. ಹಳೆಯ, ಚೆನ್ನಾಗಿ ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತು ಉಳಿಯುತ್ತದೆ. ಕಪ್ಪು ತೆಗೆಯುವುದು ಎಂದರೆ ಬೆಳ್ಳಿಯನ್ನೇ ಒಂದು ಪದರ ತೆಗೆಯುವುದು. ಪ್ರತಿ ಸಲ ಪದಕದ ಅಕ್ಷರ ಸ್ವಲ್ಪ ಸವೆಯುತ್ತದೆ. ಬರೀ ಬೆಳ್ಳಿ ನೀರು ಹಾಕಿದ್ದಾದರೆ ಟೂತ್‌ಪೇಸ್ಟಿನ ಮೊದಲ ಉಜ್ಜಿಗೇ ತಾಮ್ರ ಕಾಣುತ್ತದೆ.

ಪೆರ್ಲದವ, ನೋಯ್ಡಾದಲ್ಲಿ

ಮಧ್ಯೆ ಬಾಯಿ ಹಾಕುತ್ತೇನೆ. ಧೂಳು, ಹೊಗೆ ಎರಡನ್ನೂ ಇಷ್ಟು ಬೇಗ ಬಿಡುಗಡೆ ಮಾಡಬೇಡಿ. ನಾನು ಇರುವುದು ದೆಹಲಿ ಗಾಳಿಯಲ್ಲಿ, ಚಳಿಗಾಲದಲ್ಲಿ ಎದುರಿನ ಕಟ್ಟಡವೇ ಕಾಣುವುದಿಲ್ಲ.

ತಾಜ್‌ಮಹಲ್ ಹಳದಿ ಆಗುತ್ತಿದೆ ಎಂದು ಎಷ್ಟೋ ವರ್ಷದಿಂದ ಗಲಾಟೆ ಇದೆ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ತೀರ್ಪು ಕೊಟ್ಟು ಸುತ್ತಲಿನ ಕಲ್ಲಿದ್ದಲು ಕಾರ್ಖಾನೆಗಳಿಗೆ ಒಂದೋ ಗ್ಯಾಸ್‌ಗೆ ಬದಲಾಯಿಸಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದಿತು. ಆಗ ಎಲ್ಲರ ತಲೆಯಲ್ಲಿ ಇದ್ದದ್ದು ಗಂಧಕದ ಆಮ್ಲ ಮಳೆ. ಆಮೇಲೆ 2014ರಲ್ಲಿ ಕಾನ್ಪುರ ಐಐಟಿಯವರೂ ಅಮೆರಿಕದ ಜಾರ್ಜಿಯಾ ಟೆಕ್‌ನವರೂ ಸೇರಿ ಮಾಡಿದ ಅಧ್ಯಯನ ಹೊರಗೆ ಬಂತು. ಅವರು ಅಮೃತಶಿಲೆಯ ಸಣ್ಣ ತುಂಡುಗಳನ್ನು ತಾಜ್‌ನಲ್ಲೇ ಎರಡು ತಿಂಗಳು ಇಟ್ಟು, ಮೇಲೆ ಏನು ಕೂತಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಿಕ್ಕಿದ್ದು ಧೂಳು ಮತ್ತು ಇಂಗಾಲದ ಕಣ. ಕಸ, ಬೆರಣಿ, ಸೌದೆ ಸುಟ್ಟಾಗ ಬರುವ ಕಂದು ಬಣ್ಣದ ಇಂಗಾಲವೂ ಇತ್ತು. ಬಣ್ಣ ಕೆಡಿಸಿದ್ದು ಅವೇ.

ವಾಚನಾಲಯದ ಹಿಂದೆ ಯಾರಾದರೂ ಕಸ ಸುಡುತ್ತಾರಾ ಮಾಷ್ಟ್ರೇ?

ಕುಂಬಳೆ ಮಾಷ್ಟ್ರು

ಸುಡುತ್ತಾರೆ. ಯಾರು ಎಂದು ಹೇಳಿದರೆ ನಾಳೆ ಬೆಳಿಗ್ಗೆ ಅವರ ಮುಖ ನೋಡಬೇಕಾಗುತ್ತದೆ. ಪ್ಲಾಸ್ಟಿಕ್ ಪೈಪಿನ ತುಂಡೂ ಇರುತ್ತದೆ ಅದರಲ್ಲಿ.

ಮುಳ್ಳೇರಿಯದವಳು, ಈಗ ಮೈಸೂರು

ಪೆರ್ಲದವರು ಹೇಳಿದ್ದು ಸರಿ. ಪಿವಿಸಿ ಪೈಪ್ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಅದು ತೂಗುದೀಪಕ್ಕೆ ಕೇಡು, ನಿಮ್ಮ ಶ್ವಾಸಕ್ಕೂ.

ಒಂದು ಕೇಳಲು ಮರೆತೆ. ಆ ಕೋಣೆಯಲ್ಲಿ ಝೆರಾಕ್ಸ್ ಯಂತ್ರ ಇಲ್ಲ ತಾನೇ? ಕೆಲವು ಯಂತ್ರಗಳು ಓಝೋನ್ ಬಿಡುತ್ತವೆ. ಲಾಸ್ ಏಂಜಲೀಸ್‌ನ ಗಾಳಿಯಲ್ಲಿ ಚಿತ್ರಗಳ ಬಣ್ಣ ಯಾಕೆ ಮಾಸುತ್ತದೆ ಎಂದು 1980ರ ದಶಕದಲ್ಲಿ ಗ್ಲೆನ್ ಕ್ಯಾಸ್ ಮತ್ತು ಅವರ ಜತೆಯವರು ಪರೀಕ್ಷೆ ಮಾಡಿದಾಗ, ಓಝೋನಿಗೆ ಬೇಗ ಸೋತ ಬಣ್ಣಗಳಲ್ಲಿ ಅರಶಿನದ್ದೂ ಒಂದು. ಗರಿಯ ಕಟ್ಟಿಗೆ ಅರಶಿನದಲ್ಲಿ ಅದ್ದಿದ ಬಟ್ಟೆ ಸುತ್ತಿದ್ದರೆ ಅದು ಮೊದಲು ಬೆಳ್ಳಗಾಗುತ್ತದೆ.

ಇನ್ನು, ನಾನು ಹೇಳಿದೆ ಎಂದು ನಂಬಬೇಡಿ. ನೀವೇ ಪರೀಕ್ಷೆ ಮಾಡಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ಎಂಬವರು 1973ರಲ್ಲಿ ಹೇಳಿಕೊಟ್ಟ ಪರೀಕ್ಷೆ, ಈಗಲೂ ಎಲ್ಲ ಕಡೆ ಮಾಡುತ್ತಾರೆ. ಬಿಗಿಯಾದ ಗಾಜಿನ ನಳಿಗೆಯಲ್ಲಿ ಅನುಮಾನ ಇರುವ ಸಾಮಾನಿನ ಒಂದು ತುಂಡು, ಒಂದಿಷ್ಟು ನೀರು, ಜತೆಗೆ ಬೆಳ್ಳಿ, ತಾಮ್ರ, ಸೀಸದ ಸಣ್ಣ ತುಂಡು. 60 ಡಿಗ್ರಿ ಬಿಸಿಯಲ್ಲಿ 28 ದಿನ. ಬೆಳ್ಳಿ ಕಪ್ಪಾದರೆ ಗಂಧಕ, ಸೀಸ ಬೆಳ್ಳಗಾದರೆ ಹುಳಿ. ನಿಮಗೆ ಒಲೆ, ನಳಿಗೆ ಯಾವುದೂ ಬೇಡ. ಹಾರ್ಲಿಕ್ಸ್ ಬಾಟಲಿ ಮತ್ತು ನಮ್ಮೂರಿನ ಏಪ್ರಿಲ್ ಸೆಕೆ ಸಾಕು, ಸ್ವಲ್ಪ ನಿಧಾನ ಅಷ್ಟೆ. ಒಂದು ಬಾಟಲಿಯಲ್ಲಿ ಏನೂ ಹಾಕದೆ ಬರೀ ಲೋಹ, ನೀರು ಇಡಿ. ಇಲ್ಲದಿದ್ದರೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಉಪ್ಪಳದ ಆಚಾರಿ

ಉಪ್ಪಿನಕಾಯಿ ಬಾಟಲಿ ತೆಗೆಯಬೇಡಿ ಮಾಷ್ಟ್ರೇ. ಹುಳಿ ಅದರದ್ದೋ ನನ್ನ ಸಿಲಿಕಾನಿನದ್ದೋ ಎಂದು ಜಗಳ ಆದೀತು. ಪ್ಲೈ ತುಂಡು, ಹುಳಿ ಸಿಲಿಕಾನ್ ಒಂದು ಚೂರು ನಾನು ಕೊಟ್ಟು ಕಳಿಸುತ್ತೇನೆ.

ಕುಂಬಳೆ ಮಾಷ್ಟ್ರು

ಏಪ್ರಿಲ್ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ.

ಐದು ಹಾರ್ಲಿಕ್ಸ್ ಬಾಟಲಿ. ಒಂದನೆಯದು ಖಾಲಿ. ಎರಡರಲ್ಲಿ ಕೆಂಪು ಬಟ್ಟೆ, ಮೂರರಲ್ಲಿ ರಬ್ಬರ್ ಬೀಡಿಂಗ್, ನಾಲ್ಕರಲ್ಲಿ ಪ್ಲೈವುಡ್, ಐದರಲ್ಲಿ ಆಚಾರಿಯವರು ಕಳಿಸಿದ ಸಿಲಿಕಾನ್. ಬೆಳ್ಳಿಗೆ ನಮ್ಮ ಮನೆಯಾಕೆಯ ತುಂಡಾದ ಕಾಲ್ಗೆಜ್ಜೆ ಸಿಕ್ಕಿತು, ಐದು ತುಂಡು ಮಾಡಿದೆ. ಕೊಡುವಾಗ ಲೆಕ್ಕ ಮಾಡಿಯೇ ಕೊಟ್ಟಳು. ತಾಮ್ರಕ್ಕೆ ಕರೆಂಟಿನ ವಯರು. ಸೀಸಕ್ಕೆ ಸ್ವಲ್ಪ ಅಲೆದೆ. ಕೊನೆಗೆ ಕೊಯಿಪ್ಪಾಡಿ ಕಡೆಯ ಮೀನುಗಾರರೊಬ್ಬರು ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ಐದು ಕೊಟ್ಟರು. ಯಾಕೆ ಎಂದು ಕೇಳಿದರು, ಪರೀಕ್ಷೆಗೆ ಎಂದೆ. "ಮಾಷ್ಟ್ರಿಗೆ ಈಗಲೂ ಪರೀಕ್ಷೆಯಾ?" ಎಂದು ನಕ್ಕರು. ಎಲ್ಲವನ್ನೂ ನೂಲಿನಲ್ಲಿ ಕಟ್ಟಿ ಬಾಟಲಿಯೊಳಗೆ ಇಳಿಬಿಟ್ಟು, ತಳದಲ್ಲಿ ಒದ್ದೆ ಹತ್ತಿ ಇಟ್ಟು, ತಗಡಿನ ಮಾಡಿನ ಕೆಳಗೆ 28 ದಿನ ಇಟ್ಟೆ.

ಮೂರನೆಯದು ಮೊದಲು ಸೋತಿತು. ಆರನೇ ದಿನಕ್ಕೆ ಬೆಳ್ಳಿ ಹಳದಿ, ಆಮೇಲೆ ಕಂದು, ಒಂದು ದಿನ ನವಿಲಿನ ಕತ್ತಿನ ಹಾಗೆ ನೀಲಿ ಕೂಡ ಕಂಡಿತು. ಹತ್ತನೇ ದಿನಕ್ಕೆ ಅಪ್ಪಟ ಕಪ್ಪು. ಎರಡನೆಯದು ನಿಧಾನ, ಕೊನೆಗೆ ಚಾದ ಬಣ್ಣಕ್ಕೆ ಬಂದು ನಿಂತಿತು.

ಐದರಲ್ಲಿ ಬೆಳ್ಳಿಗೆ ಏನೂ ಇಲ್ಲ. ಸೀಸದ ಗುಂಡು ಮಾತ್ರ ಮುಖಕ್ಕೆ ಪೌಡರ್ ಹಾಕಿದ ಹಾಗೆ. ನಾಲ್ಕರಲ್ಲೂ ಬಿಳಿ ಬಂತು, ಸ್ವಲ್ಪ ಕಡಿಮೆ. ಖಾಲಿ ಬಾಟಲಿಯಲ್ಲಿ ಸೀಸ ಸ್ವಲ್ಪ ಮಂಕಾಯಿತು, ತಾಮ್ರದ ಹೊಳಪು ಹೋಯಿತು, ಅಷ್ಟೆ. ಗುಂಡುಗಳನ್ನು ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಯೇ ಮುಟ್ಟಿದೆ, ಮಕ್ಕಳಿಗೆ ಕೊಡಲಿಲ್ಲ. ಸೀಸ ವಿಷ ಎಂಬಷ್ಟು ರಸಾಯನಶಾಸ್ತ್ರ ನನಗೂ ಗೊತ್ತು.

ಮಕ್ಕಳು ಬಂದು ಐದು ಬಾಟಲಿ ನೋಡಿದರು. ನನ್ನ ಕೋಣೆಯ ಕಿರೀಟವನ್ನೂ ಇಷ್ಟು ಹೊತ್ತು ನಿಂತು ನೋಡಿದವರಿಲ್ಲ.

ಈಗ ಮಾಡಿದ್ದು: ರಬ್ಬರ್ ಬೀಡಿಂಗ್ ಕಿತ್ತಾಯಿತು. ಕೆಂಪು ಬಟ್ಟೆ ಹೋಗಿ ತೊಳೆದ ಬಿಳಿ ಹತ್ತಿ ಬಟ್ಟೆ ಬಂತು. ಪೆಟ್ಟಿಗೆಯನ್ನು ಬಾಗಿಲು ತೆರೆದು ಬಿಟ್ಟಿದ್ದೇವೆ, ವಾಸನೆ ಹೋಗಲಿ ಎಂದು. ಚಿಪ್ಪುಗಳು ಗಾಜಿನ ಭರಣಿಗೆ ಹೋದವು. ಝೆರಾಕ್ಸ್ ಯಂತ್ರ ಕೆಳಗಿಳಿಯಿತು, ಇಳಿಸುವಾಗ ಬೈಗುಳ ತಿಂದದ್ದು ನಾನು. ಹೆದ್ದಾರಿ ಬದಿಯ ಕಿಟಕಿಯನ್ನು ಮಧ್ಯಾಹ್ನ ಕಡಲ ಗಾಳಿ ಏಳುವ ಮೊದಲೇ ಹಾಕುತ್ತೇವೆ. ಕಸ ಸುಡುವವರ ಹತ್ತಿರ ಇನ್ನೂ ಮಾತಾಡಿಲ್ಲ, ಒಳ್ಳೆಯ ಮುಹೂರ್ತ ನೋಡುತ್ತಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಪೆಟ್ಟಿಗೆಯಲ್ಲಿ ತೆಂಗಿನ ಗೆರಟೆಯ ಇದ್ದಿಲು ಇಟ್ಟರೆ ಕೆಟ್ಟ ಗಾಳಿ ಹೀರುತ್ತದೆ ಎಂದು ಒಬ್ಬರು ಹೇಳಿದರು, ಹೌದಾ? ಮತ್ತೆ ಪದಕವನ್ನು ಹಾಗೇ ಕಪ್ಪಾಗಿ ಇಡಲಾ?

ಮುಳ್ಳೇರಿಯದವಳು, ಈಗ ಮೈಸೂರು

ಮಾಷ್ಟ್ರೇ, ಖಾಲಿ ಬಾಟಲಿಯ ಫಲಿತಾಂಶವನ್ನೂ ಬರೆದಿರಲ್ಲ, ಅದನ್ನು ನಮ್ಮ ಕೆಲವು ವಿದ್ಯಾರ್ಥಿಗಳೇ ಮರೆಯುತ್ತಾರೆ.

ಇದ್ದಿಲು ಹೌದು, ಆದರೆ ಒಲೆಯಿಂದ ತೆಗೆದದ್ದಲ್ಲ. ಆಕ್ಟಿವೇಟೆಡ್ ಕಾರ್ಬನ್ ಎಂದು ಸಿಗುತ್ತದೆ, ಅದನ್ನೂ ಗೆರಟೆಯಿಂದಲೇ ಮಾಡುತ್ತಾರೆ. ಹಬೆಯಲ್ಲಿ ಸುಟ್ಟು ಒಳಗೆ ಲೆಕ್ಕವಿಲ್ಲದಷ್ಟು ತೂತು ಮಾಡಿರುತ್ತಾರೆ, ಅದಕ್ಕೇ ಅದು ಅನಿಲ ಹಿಡಿಯುವುದು. ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಹುಡಿ ಸಾಮಾನಿನ ಮೇಲೆ ಬೀಳಬಾರದು. ತುಂಬಿದ ಮೇಲೆ ಹಿಡಿಯುವುದಿಲ್ಲ, ಆಗಾಗ ಬದಲಾಯಿಸಬೇಕು.

ಪದಕದ ಅಕ್ಷರ ಓದಲು ಬರುತ್ತದೆ ಎಂದಾದರೆ ಹಾಗೇ ಇರಲಿ. ಮನೆಯವರಿಗೆ ಬೇಸರವಿದ್ದರೆ ಒಂದೇ ಒಂದು ಸಲ, ನಯವಾದ ಸುಣ್ಣದ ಹುಡಿಯಲ್ಲಿ ಮೆಲ್ಲಗೆ. ಸುಣ್ಣ ಎಂದರೆ ಎಲೆಯಡಿಕೆ ಸುಣ್ಣ ಅಲ್ಲ! ಕ್ಯಾಲ್ಸಿಯಂ ಕಾರ್ಬೊನೇಟ್ ಹುಡಿ. ಮೇ ರಜೆಯಲ್ಲಿ ಊರಿಗೆ ಬರುತ್ತೇನೆ, ಆಗ ನಾನೇ ಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಡಬ್ಬಿ ತೆರೆಯಬೇಡಿ.

ಬದಿಯಡ್ಕದ ತೋಟದವ

ಅಜ್ಜನ ಮನೆಯ ಗ್ರಂಥ ಇಳಿಸಿ ನೋಡಿದೆ. ಮೇಲಿನ ನಾಲ್ಕು ಗರಿ ಹುಡಿ ಹುಡಿ. ನಡುವಿನದ್ದು ಬಿಡಿಸಲು ಬರುತ್ತದೆ. ಮೇಡಂ ಬರುವಾಗ ನಮ್ಮಲ್ಲಿಗೂ ಬರಬೇಕು, ಊಟ ನಮ್ಮಲ್ಲೇ.

ಮಾಷ್ಟ್ರೇ, ಆ ಕೆಂಪು ಬಟ್ಟೆ ಬಿಸಾಡಿದಿರಾ?

ಕುಂಬಳೆ ಮಾಷ್ಟ್ರು

ಇಲ್ಲ, ಮನೆಯಾಕೆ ಇಸ್ತ್ರಿ ಮೇಜಿನ ಮೇಲೆ ಹಾಸಿದ್ದಾಳೆ. ಕಾಲ್ಗೆಜ್ಜೆಯ ಮೂರು ತುಂಡು ಸರಿಯಾಗಿ ವಾಪಸು ಬಂದಿದೆ, ಉಳಿದ ಎರಡು ಎಲ್ಲಿ ಎಂದು ಕೇಳುತ್ತಿದ್ದಾಳೆ. ಕಪ್ಪಾದದ್ದನ್ನು ತೋರಿಸಲು ಇನ್ನೂ ಧೈರ್ಯ ಬಂದಿಲ್ಲ.